ಕಿವಿಯ ಪಾಠಕ್ಕೆ ಹೊರಟವರಿಗೆ

ಈ ಬೇಸಿಗೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಂವಹನ ವಿಜ್ಞಾನ ಮತ್ತು ಕಿವುಡರ ಅಧ್ಯಯನದ ಕೋರ್ಸುಗಳಿಗೆ ಹೆಸರು ಬರೆಸಿರುವ ಕನ್ನಡದ ಹುಡುಗ ಹುಡುಗಿಯರಿಗೆ,

ಮಕ್ಕಳೇ,

ನಿಮ್ಮಲ್ಲಿ ಕೆಲವರು ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲಿ ವಾಕ್ ಮತ್ತು ಶ್ರವಣದ ಪದವಿ ಮುಗಿಸಿ ಮುಂದಿನ ಓದಿಗೆ ಬಂದವರು. ಇನ್ನು ಕೆಲವರು ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಕೇಳುತ್ತಾ ಬೆಳೆದು, ಸೈಕಾಲಜಿಯನ್ನೋ ಬಯಾಲಜಿಯನ್ನೋ ಓದಿ, ಈಗ ಸ್ಪೀಚ್ ಥೆರಪಿಸ್ಟ್ ಆಗಬೇಕೆಂದು ಹೊರಟವರು. ಎಂ.ಎಸ್.ಗೆ ಸೇರುವ ಮೊದಲು ಬೇಕಾದ ವಿಷಯಗಳನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವ ಆತುರ ನಿಮಗೆ. ಈ ಸಲದ ಯುಗಾದಿ ಊಟದಲ್ಲಿ ನಿಮ್ಮಂಥ ಮೂವರು ನನ್ನ ಪಕ್ಕದ ಎಲೆಗೆ ಕೂತಿದ್ದರು. ಅವರಲ್ಲೊಬ್ಬಳು ಹೇಳಿದಳು: “ಆಂಟಿ, ಸಮ್ಮರಿಗೆ ಅನಾಟಮಿ, ಫೊನೆಟಿಕ್ಸ್ ತಗೊಂಡಿದೀನಿ. ಜೊತೆಗೆ ಡೆಫ್ ಸ್ಟಡೀಸ್ ಒಂದಿದೆ. ಅದು ಈಸಿಯಂತೆ, ಓದೋದೇ ಬೇಡವಂತೆ.”

ಒಳ್ಳೆಯ ಹುಡುಗಿ. ಯಾರೋ ಸೀನಿಯರ್ ಹೇಳಿದ್ದನ್ನು ನನಗೆ ಒಪ್ಪಿಸಿದಳು, ಅಷ್ಟೇ. ಆದರೂ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅವತ್ತು ಊಟದ ನಡುವೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಆಡಿಯಾಲಜಿಸ್ಟ್ ಅಲ್ಲ, ಭಾಷಾವಿಜ್ಞಾನಿಯೂ ಅಲ್ಲ. ಹಳೇ ಮೈಸೂರು ಸೀಮೆಯ ಒಂದು ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ 1983ರಿಂದ 2004ರವರೆಗೆ ಟೀಚರ್ ಆಗಿದ್ದೆ. ಇಪ್ಪತ್ತೊಂದು ವರ್ಷ. ಆಮೇಲೆ ಮಗಳ ಜೊತೆ ಇರಲು ಮೇರಿಲ್ಯಾಂಡಿಗೆ ಬಂದೆ.

ನಮ್ಮ ಶಾಲೆಯದು ಬಾಯಿಮಾತಿನ ಪದ್ಧತಿ. ಮಗು ಟೀಚರ ತುಟಿ ನೋಡಬೇಕು, ತುಟಿಯಿಂದ ಮಾತು ತಿಳಿಯಬೇಕು, ಅದನ್ನೇ ತಾನೂ ಉಚ್ಚರಿಸಬೇಕು. ಕೈ ಮಾತ್ರ ಆಡಬಾರದು. ನೀವು ಒಂದು ಕೆಲಸ ಮಾಡಿ. ಕನ್ನಡಿಯ ಮುಂದೆ ನಿಂತು, ಸದ್ದು ಹೊರಡಿಸದೆ, ‘ಮಳೆ’ ಅನ್ನಿ. ಆಮೇಲೆ ‘ಬಳೆ’ ಅನ್ನಿ. ಎರಡಕ್ಕೂ ತುಟಿ ಒಂದೇ ಥರ ಕೂಡಿ ಒಂದೇ ಥರ ಬಿಚ್ಚುತ್ತದೆ. ಮರ, ಬರ, ಪರ ಮೂರೂ ನೋಡುವವರಿಗೆ ಒಂದೇ. ‘ಕ’, ‘ಗ’ ಗಂಟಲ ಕಡೆ ಹುಟ್ಟುವುದರಿಂದ ತುಟಿಯ ಮೇಲೆ ಕಾಣುವುದೇ ಇಲ್ಲ. ಓಷ್ಠ್ಯ, ಕಂಠ್ಯ ಅಂತ ಫೊನೆಟಿಕ್ಸ್ ಕ್ಲಾಸಿನಲ್ಲಿ ಇದನ್ನು ನೀವು ಅರ್ಧ ಗಂಟೆಯಲ್ಲಿ ಕಲಿಯುತ್ತೀರಿ. ನನಗೆ ಕಲಿಸಿದವಳು ಏಳು ವರ್ಷದ ಒಬ್ಬ ಹುಡುಗಿ.

ಜೂನ್ ತಿಂಗಳು, ಹೊರಗೆ ಸುರಿಯುತ್ತಿತ್ತು. “ಏನು ಬಂತು? ಮಳೆ ಬಂತು” ಅನ್ನುವುದು ಅವತ್ತಿನ ಪಾಠ. ಕಿಟಕಿಯ ಕಡೆ ಕೈ ತೋರಿಸುವ ಹಾಗಿಲ್ಲ. ಹುಡುಗಿ ನನ್ನ ತುಟಿಯನ್ನೇ ನೋಡಿದಳು, ಯೋಚಿಸಿದಳು, ಎರಡೂ ಕೈ ಮುಂದೆ ಚಾಚಿ ಬಳೆ ತೋರಿಸಿದಳು. ಊರ ಜಾತ್ರೆಯಲ್ಲಿ ತೊಡಿಸಿದ್ದ ಕೆಂಪು ಗಾಜಿನ ಬಳೆ. ಅಲ್ಲ ಎಂದು ತಲೆಯಾಡಿಸಿ ಮತ್ತೆ ಹೇಳಿದೆ. ಮತ್ತೆ ಬಳೆ. ಐದನೆಯ ಸಲಕ್ಕೆ ಪಕ್ಕದ ಹುಡುಗ ಡೆಸ್ಕಿನ ಕೆಳಗೆ ಬೆರಳುಗಳನ್ನು ಮೇಲಿಂದ ಕೆಳಕ್ಕೆ ಉದುರಿಸಿದ. ಅವಳ ಮುಖ ಅರಳಿತು, ಕಿಟಕಿ ಕಡೆ ತಿರುಗಿದಳು. ನಾನು ಆ ಹುಡುಗನ ಕೈಗೆ ಸ್ಕೇಲಿನಲ್ಲಿ ಹೊಡೆದೆ.

ಕೋಪದಿಂದ ಹೊಡೆದದ್ದಲ್ಲ. ಸನ್ನೆ ರೂಢಿಯಾದರೆ ಮಾತು ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟಿದ್ದರು, ನಾನು ನಂಬಿದ್ದೆ. ಆ ಮಕ್ಕಳ ಒಳ್ಳೆಯದಕ್ಕೇ ಹೊಡೆಯುತ್ತಿದ್ದೇನೆ ಅಂದುಕೊಂಡಿದ್ದೆ.

ವಾರಕ್ಕೆ ಎರಡು ರಾತ್ರಿ ನನಗೆ ಹಾಸ್ಟೆಲ್ ಡ್ಯೂಟಿ. ಊಟವಾದ ಮೇಲೆ ಹಾಲ್‌ನಲ್ಲಿ ಮಕ್ಕಳು ಸೇರುತ್ತಿದ್ದರು. ಹಗಲು ಒಂದು ವಾಕ್ಯ ಹೇಳಲು ಬೆವರುತ್ತಿದ್ದವರು ಅಲ್ಲಿ ಕೈ, ಮುಖ, ಹೆಗಲು ಎಲ್ಲವನ್ನೂ ಬಳಸಿ ಗಂಟೆಗಟ್ಟಲೆ ಏನೇನೋ ಹೇಳಿಕೊಳ್ಳುತ್ತಿದ್ದರು. ಟೆಂಟಿನಲ್ಲಿ ನೋಡಿದ ಸಿನಿಮಾದ ಫೈಟು, ಅಡುಗೆ ಭಟ್ಟರ ನಡಿಗೆ, ರಜೆಗೆ ಊರಿಗೆ ಹೋದಾಗ ಸತ್ತುಹೋಗಿದ್ದ ಎಮ್ಮೆ. ದೊಡ್ಡವರು ಹೇಳಿದ್ದನ್ನು ಚಿಕ್ಕವರು ಕಣ್ಣಲ್ಲಿ ಹಿಡಿಯುತ್ತಿದ್ದರು. ಆ ಮಕ್ಕಳಿಗೆ ಭಾಷೆ ಸಿಕ್ಕಿದ್ದು ಅಲ್ಲಿ, ನನ್ನ ತರಗತಿಯಲ್ಲಲ್ಲ. ನನಗೆ ಅದು ಗಲಾಟೆಯಾಗಿ ಕಾಣುತ್ತಿತ್ತು. ಒಂಬತ್ತಕ್ಕೆ ಸರಿಯಾಗಿ ಹೋಗಿ ದೀಪ ಆರಿಸುತ್ತಿದ್ದೆ. ಕತ್ತಲಾದ ಕೂಡಲೇ ಎಲ್ಲಾ ನಿಂತುಹೋಗುತ್ತಿತ್ತು. ನಮ್ಮ ಮಕ್ಕಳು ಎಷ್ಟು ಶಿಸ್ತಾಗಿ ಮಲಗುತ್ತಾರೆ ಎಂದು ನನಗೆ ಹೆಮ್ಮೆ.

ಆ ಸ್ಕೇಲು ನನ್ನ ಕೈಗೆ ಎಲ್ಲಿಂದ ಬಂತು ಎಂದು ತಿಳಿದದ್ದು ಮೂವತ್ತು ವರ್ಷ ಕಳೆದ ಮೇಲೆ, ಇಲ್ಲಿನ ಒಂದು ಬೇಸಿಗೆ ತರಗತಿಯಲ್ಲಿ. 1880ರಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿತ್ತು. ಪ್ರತಿನಿಧಿಗಳು 164 ಮಂದಿ. ಅವರಲ್ಲಿ ಕಿವುಡರು ಒಬ್ಬರೇ ಒಬ್ಬರು. ಶಾಲೆಗಳಲ್ಲಿ ಬಾಯಿಮಾತೇ ಇರಬೇಕು, ಸನ್ನೆ ಬೇಡ ಎಂದು ಸಮ್ಮೇಳನ ತೀರ್ಮಾನಿಸಿತು. ಟೆಲಿಫೋನ್ ಕಂಡುಹಿಡಿದವರೆಂದು ನಾವು ಓದಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೂ ಬಾಯಿಮಾತಿನ ಪಕ್ಷದವರೇ. ಕಿವುಡರು ಕಿವುಡರನ್ನೇ ಮದುವೆಯಾದರೆ ಕಿವುಡರ ಒಂದು ತಳಿಯೇ ಹುಟ್ಟೀತೆಂದು 1883ರಲ್ಲಿ ಪ್ರಬಂಧ ಓದಿದರು. ಅವರ ತಾಯಿಗೂ ಕಿವಿ ಕೇಳುತ್ತಿರಲಿಲ್ಲ, ಹೆಂಡತಿಗೂ ಕೇಳುತ್ತಿರಲಿಲ್ಲ. ಮಿಲಾನಿನ ನಿರ್ಣಯಕ್ಕೆ ಆ ಸಮ್ಮೇಳನದವರು ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಆ 130 ವರ್ಷಗಳಲ್ಲಿ ಇಪ್ಪತ್ತೊಂದು ನನ್ನವು.

ನಾನು ಬೇಸಿಗೆ ತರಗತಿಗೆ ಸೇರಿದ್ದು 2017ರ ಜೂನಿನಲ್ಲಿ, ವಾಷಿಂಗ್ಟನ್‌ನ ಗ್ಯಾಲುಡೆಟ್ ವಿಶ್ವವಿದ್ಯಾಲಯದಲ್ಲಿ. ರೆಡ್ ಲೈನ್ ಮೆಟ್ರೋದಲ್ಲಿ ಹೋಗಿ ನೋಮಾ-ಗ್ಯಾಲುಡೆಟ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದುಹೋಗುವಷ್ಟು ದೂರ. 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾನೂನಿನಿಂದ ಕಿವುಡರಿಗೆ ಪದವಿ ಕೊಡುವ ಅಧಿಕಾರ ಪಡೆದ ಸಂಸ್ಥೆ. ಒಳಗೆ ಹೋದರೆ ಒಂದು ಕಂಚಿನ ಪ್ರತಿಮೆ: ಕಿವುಡರ ಮೇಷ್ಟ್ರು ಥಾಮಸ್ ಗ್ಯಾಲುಡೆಟ್ ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಆಲಿಸ್ ಕಾಗ್ಸ್‌ವೆಲ್ ಎಂಬ ಕಿವುಡ ಹುಡುಗಿ. ಇಬ್ಬರ ಕೈಯಲ್ಲೂ ‘ಎ’ ಅಕ್ಷರದ ಸನ್ನೆ. ಲಿಂಕನ್ ಸ್ಮಾರಕದ ದೊಡ್ಡ ಲಿಂಕನ್ ವಿಗ್ರಹ ಮಾಡಿದ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರೇ ಇದನ್ನೂ ಮಾಡಿದ್ದು. ಆ ಮೇಷ್ಟ್ರು ಮಗುವನ್ನು ನೋಡುತ್ತಿದ್ದಾರೆ, ಮಗು ಮೇಷ್ಟ್ರನ್ನು ನೋಡುತ್ತಿದೆ. ಮೊದಲ ದಿನ ಆ ಪ್ರತಿಮೆ ದಾಟಿ ಹೋಗಲು ನನಗೆ ಬಹಳ ಹೊತ್ತು ಹಿಡಿಯಿತು.

ನಮ್ಮ ಟೀಚರ್ ಕಿವುಡರು, ನನ್ನ ಮಗಳ ವಯಸ್ಸಿನವರು. ಒಳಗೆ ಬಂದವರೇ ಗೋಡೆಯ ಸ್ವಿಚ್ಚನ್ನು ಎರಡು ಸಲ ಆಡಿಸಿದರು. ದೀಪ ಮಿನುಗಿತು, ಎಲ್ಲರೂ ತಲೆಯೆತ್ತಿದರು. ಅಲ್ಲಿ ಕರೆಯುವುದು ಹಾಗೆ. ಬಾಗಿಲಿಗೆ ಬಂದವರು ತಾವು ಬಂದದ್ದನ್ನು ತಿಳಿಸುವುದೂ ಹಾಗೆಯೇ. ಹತ್ತಿರದಲ್ಲಿದ್ದರೆ ಭುಜ ಮುಟ್ಟುತ್ತಾರೆ, ಮರದ ನೆಲವಾದರೆ ಕಾಲು ತಟ್ಟುತ್ತಾರೆ. ತರಗತಿಯ ಬಾಗಿಲು ದಾಟಿದ ಮೇಲೆ ಯಾರೂ ಬಾಯಲ್ಲಿ ಮಾತಾಡುವಂತಿಲ್ಲ. ನಮ್ಮ ಶಾಲೆಯ ನಿಯಮವೇ ತಿರುವುಮುರುವಾದಂತಿತ್ತು. ಮೊದಲ ವಾರ ಸಂಜೆ ಹೊತ್ತಿಗೆ ಕಣ್ಣು ಎಷ್ಟು ದಣಿಯುತ್ತಿತ್ತೆಂದರೆ ಮೆಟ್ರೋದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಏಳು ವರ್ಷದ ಮಕ್ಕಳನ್ನು ದಿನಕ್ಕೆ ಆರು ಗಂಟೆ ತುಟಿ ನೋಡಲು ಕೂರಿಸುತ್ತಿದ್ದದ್ದು ನೆನಪಾಗುತ್ತಿತ್ತು.

ಎರಡನೆಯ ವಾರ ಅವರು ಮೂರು ಸನ್ನೆ ಕಲಿಸಿದರು. ತೋರುಬೆರಳನ್ನು ಹಣೆಯ ಮೇಲೆ ಅಡ್ಡಲಾಗಿ ಎಳೆಯುತ್ತಾ ಮಡಿಸಿದರೆ ‘ಬೇಸಿಗೆ’. ಅದೇ ಬೆರಳು, ಅದೇ ಚಲನೆ, ಮೂಗಿನ ಬಳಿ ಮಾಡಿದರೆ ‘ಕುರೂಪ’. ಗಲ್ಲದ ಬಳಿ ಮಾಡಿದರೆ ‘ಒಣಗಿದ್ದು’. ಜಾಗ ನಾಲ್ಕು ಬೆರಳಷ್ಟು ಕೆಳಗಿಳಿದರೆ ಅರ್ಥವೇ ಬೇರೆ. ‘ಮ’ ಹೋಗಿ ‘ಬ’ ಬಂದರೆ ಮಳೆ ಬಳೆಯಾಗುವ ಹಾಗೆ. ನಾನು ಕುರ್ಚಿಯಲ್ಲೇ ಕೂತುಬಿಟ್ಟೆ. ಡೆಸ್ಕಿನ ಕೆಳಗೆ ಬೆರಳು ಉದುರಿಸಿದ ಆ ಹುಡುಗ ಅವತ್ತು ಆಡಿದ್ದು ಒಂದು ಪದ.

ಇದನ್ನು ಮೊದಲು ಬಿಡಿಸಿ ತೋರಿಸಿದವರು ವಿಲಿಯಂ ಸ್ಟೋಕಿ. 1955ರಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಲು ಗ್ಯಾಲುಡೆಟ್‌ಗೆ ಬಂದವರು, ಕಿವಿ ಕೇಳುವವರು. ಕೈಯ ಆಕಾರ, ಜಾಗ, ಚಲನೆ ಎಂಬ ಬಿಡಿ ಅಂಶಗಳು ಕೂಡಿ ಸನ್ನೆಯ ಪದವಾಗುತ್ತದೆ, ಇದು ಮೂಕಾಭಿನಯವಲ್ಲ, ವ್ಯಾಕರಣವುಳ್ಳ ಭಾಷೆ ಎಂದು 1960ರಲ್ಲಿ ಬರೆದರು. ಅವರ ಜೊತೆ ಕೆಲಸ ಮಾಡುತ್ತಿದ್ದವರೇ ಮೊದಮೊದಲು ನಂಬಲಿಲ್ಲ. 1965ರಲ್ಲಿ ಡೊರೊಥಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೋನೆಬರ್ಗ್ ಎಂಬ ಇಬ್ಬರು ಕಿವುಡ ಸಹೋದ್ಯೋಗಿಗಳ ಜೊತೆ ಸೇರಿ ಅಮೆರಿಕನ್ ಸನ್ನೆ ಭಾಷೆಯ ನಿಘಂಟು ತಂದರು. ಆ ಇಬ್ಬರ ಹೆಸರನ್ನೂ ನೆನಪಿಟ್ಟುಕೊಳ್ಳಿ. ಪಾಠಗಳಲ್ಲಿ ಹೆಚ್ಚಾಗಿ ಸ್ಟೋಕಿ ಹೆಸರೊಂದೇ ಬರುತ್ತದೆ.

1988ರ ಮಾರ್ಚಿನ ವಿಷಯ ನಿಮಗೆ ಹೇಗೂ ಪಾಠದಲ್ಲಿ ಬರುತ್ತದೆ: ಕಿವಿ ಕೇಳುವವರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದಾಗ ವಿದ್ಯಾರ್ಥಿಗಳು ಗ್ಯಾಲುಡೆಟ್‌ನ ಗೇಟು ಮುಚ್ಚಿ ಒಂದು ವಾರ ಹೋರಾಡಿ, 124 ವರ್ಷಗಳಲ್ಲಿ ಮೊದಲ ಕಿವುಡ ಅಧ್ಯಕ್ಷರಾಗಿ ಐ. ಕಿಂಗ್ ಜೋರ್ಡನ್ ಅವರನ್ನು ಪಡೆದರು. ಅದೇ ಮಾರ್ಚಿನಲ್ಲಿ ನಾನು ಪರೀಕ್ಷೆಗೆಂದು ಮಕ್ಕಳನ್ನು ಕೈಕಟ್ಟಿ ಕೂರಿಸಿ ‘ಪ, ಬ, ಮ’ ಹೇಳಿಸುತ್ತಿದ್ದೆ.

ಒಂದು ದಿನ ಹೆಸರಿನ ಪಾಠ. ಕಿವುಡರು ಒಬ್ಬೊಬ್ಬರಿಗೂ ಒಂದು ಸನ್ನೆ-ಹೆಸರು ಇಡುತ್ತಾರೆ. ನಿಮ್ಮ ಹೆಸರನ್ನು ನೀವೇ ಇಟ್ಟುಕೊಳ್ಳುವ ಹಾಗಿಲ್ಲ, ಅವರು ಕೊಡಬೇಕು. ಟೀಚರ್ ನನ್ನ ಕಡೆ ತಿರುಗಿ ಕೇಳಿದರು: ಇಪ್ಪತ್ತೊಂದು ವರ್ಷ ಕಿವುಡ ಮಕ್ಕಳ ಜೊತೆ ಇದ್ದಿರಲ್ಲ, ಅವರು ನಿಮಗೆ ಏನು ಹೆಸರಿಟ್ಟಿದ್ದರು? ನನಗೆ ಗೊತ್ತಿರಲಿಲ್ಲ. ಇಟ್ಟಿರಬಹುದು ಎಂದು ಅವತ್ತಿನವರೆಗೂ ನನಗೆ ಹೊಳೆದೇ ಇರಲಿಲ್ಲ.

ಬಳೆಯ ಹುಡುಗಿ ಈಗ ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಇಬ್ಬರು ಮಕ್ಕಳ ತಾಯಿ. ಆ ರಾತ್ರಿ, ಅವಳಿಗೆ ಬೆಳಗಾಗುವ ಹೊತ್ತಿಗೆ, ವಿಡಿಯೊ ಕಾಲ್ ಮಾಡಿದೆ. ನನ್ನ ಹೊಸ ಅಮೆರಿಕನ್ ಸನ್ನೆ ಅವಳಿಗೆ ತಿಳಿಯಲಿಲ್ಲ. ಹಾಳೆಯ ಮೇಲೆ ಬರೆದು ತೋರಿಸಿದೆ: ‘ನನ್ನ ಹೆಸರು ಏನಿತ್ತು?’ ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೈ ಎತ್ತಿ, ಗೋಡೆಯ ಮೇಲಿನ ಸ್ವಿಚ್ಚನ್ನು ಬೆರಳಲ್ಲಿ ಆರಿಸುವ ಹಾಗೆ ಮಾಡಿ, ನನ್ನ ಕಡೆ ತೋರಿಸಿದಳು. ನನಗೆ ಅರ್ಥವಾಗಲಿಲ್ಲ ಅಂದುಕೊಂಡು ಕಾಗದದಲ್ಲಿ ಬರೆದಳು: ‘ಲೈಟ್ ಆಫ್ ಮಿಸ್.’ ಅವಳ ಮುಖದಲ್ಲಿ ದೂರೇನೂ ಇರಲಿಲ್ಲ. ಅವರಿಗೆ ಅದು ನನ್ನ ಹೆಸರು, ಅಷ್ಟೇ.

ಮಕ್ಕಳೇ, ‘ಈಸಿ ಕೋರ್ಸ್’ ಅನ್ನುವ ಮಾತು ನನ್ನನ್ನು ಯಾಕೆ ಚುಚ್ಚಿತು ಎಂದು ಈಗ ತಿಳಿದಿರಬೇಕು. ಅನಾಟಮಿ ಪಾಠದಲ್ಲಿ ನೀವು ಕಿವಿಯ ತಮಟೆ, ಮೂರು ಪುಟ್ಟ ಮೂಳೆ, ಕಾಕ್ಲಿಯಾದ ಒಳಗಿನ ಕೂದಲ ಕೋಶ ಎಲ್ಲವನ್ನೂ ಕಲಿಯುತ್ತೀರಿ. ಕಲಿಯಲೇಬೇಕು. ಹಿಯರಿಂಗ್ ಏಡ್ ಆಗಲಿ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ ಬೇಡವೆಂದು ನಾನು ಹೇಳುತ್ತಿಲ್ಲ. ಅದರಿಂದ ಮಾತು ಬಂದ ಮಕ್ಕಳನ್ನು ಕಂಡು ಸಂತೋಷಪಟ್ಟವಳು ನಾನು. ಆದರೆ ಆ ಪಾಠದಲ್ಲಿ ಕಿವಿ ಇರುತ್ತದೆ, ಕಿವುಡರು ಇರುವುದಿಲ್ಲ. ಕಿವುಡರು ನಿಮ್ಮೆದುರು ನಿಂತು ಪಾಠ ಹೇಳುವುದು, ನಿಮ್ಮ ತಪ್ಪು ತಿದ್ದುವುದು, ನಿಮಗೆ ಅಂಕ ಹಾಕುವುದು ಆ ಇನ್ನೊಂದು ಕೋರ್ಸಿನಲ್ಲಿ. ನಿಮ್ಮ ವೃತ್ತಿ ಪೂರ್ತಿ ಕಿವುಡರು ನಿಮ್ಮ ಎದುರಿನ ಕುರ್ಚಿಯಲ್ಲಿ ಕೂತು ನಿಮ್ಮ ಮಾತಿಗೆ ಕಾಯುತ್ತಾರೆ. ನೀವು ಅವರ ಮಾತಿಗೆ ಕಾಯುವ ಅವಕಾಶ ಈ ಐದಾರು ವಾರ ಸಿಗುತ್ತದೆ. ಹದಿನೈದು ವಾರದ್ದನ್ನು ಅಷ್ಟರಲ್ಲಿ ತುರುಕಿರುತ್ತಾರೆ, ಭಾಷೆ ಖಂಡಿತ ಪೂರ್ತಿ ಬರುವುದಿಲ್ಲ. ಬರದಿರುವುದು ಹೇಗಿರುತ್ತದೆ ಎಂದಾದರೂ ತಿಳಿಯುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ನಾಳೆ ನೀವು ಪರೀಕ್ಷೆಯ ಕೋಣೆಯಲ್ಲಿ ಕೂತಿರುತ್ತೀರಿ. ಎದುರಿಗೆ ಹತ್ತು ತಿಂಗಳ ಮಗು ಹೊತ್ತ ತಾಯಿ. ಹುಟ್ಟು ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ತಂದೆ ತಾಯಿಗೆ ಕಿವಿ ಕೇಳುತ್ತದೆ. ಅಂದರೆ ಆ ತಾಯಿ ತನ್ನ ಜೀವಮಾನದಲ್ಲಿ ಹತ್ತಿರದಿಂದ ಕಾಣುತ್ತಿರುವ ಮೊದಲ ಕಿವುಡ ವ್ಯಕ್ತಿ ಬಹುಶಃ ಆಕೆಯ ಸ್ವಂತ ಮಗು. ಕಿವುಡರ ಬದುಕಿನ ಬಗ್ಗೆ ಆಕೆಗೆ ಮೊದಲ ಮಾತು ಹೇಳುವವರು ನೀವು. “ಕೈಸನ್ನೆ ಮಾಡಬೇಡಿ, ಮಾತು ಬರಲ್ಲ” ಎಂದು ನಾನು ನೂರಾರು ತಾಯಂದಿರಿಗೆ ಹೇಳಿದ್ದೇನೆ. ಅವರು ನಂಬಿ ಮನೆಗೆ ಹೋಗಿ, ಮಗು ಕೈಯೆತ್ತಿ ಏನೋ ಕೇಳಿದಾಗ ಮುಖ ತಿರುಗಿಸಿದ್ದಾರೆ. ಭಾಷೆ ಕಲಿಯುವ ವಯಸ್ಸು ಕಿವಿಯ ಮಿಷನ್ ಬರುವವರೆಗೆ, ಆಪರೇಷನ್ ಆಗುವವರೆಗೆ, ಥೆರಪಿ ಫಲ ಕೊಡುವವರೆಗೆ ಕಾದಿರುವುದಿಲ್ಲ. ಮಿಷನ್ನೂ ಇರಲಿ, ಥೆರಪಿಯೂ ನಡೆಯಲಿ, ಅದರ ಜೊತೆಗೆ ಕಣ್ಣಿಗೆ ಕಾಣುವ ಒಂದು ಭಾಷೆ ಇವತ್ತಿನಿಂದಲೇ ಮನೆಯಲ್ಲಿರಲಿ ಎಂದು ನೀವು ಆ ತಾಯಿಗೆ ಹೇಳಬೇಕು. ಅದನ್ನು ಕಲಿಸುವ ಒಬ್ಬ ಕಿವುಡರ ವಿಳಾಸವೂ ನಿಮ್ಮ ಬಳಿ ಇರಬೇಕು.

‘ಕಿವುಡ’ ಪದವನ್ನು ನಾನು ಇಷ್ಟು ಸಲ ಬರೆದದ್ದು ಕೆಲವರಿಗೆ ಒರಟಾಗಿ ಕೇಳಿಸಿರಬಹುದು. ಬೈಗುಳವಾಗಿ ಆ ಪದ ಬಳಸುವವರು ನಮ್ಮಲ್ಲಿ ಕಡಿಮೆಯಿಲ್ಲ, ಸರ್ಕಾರಿ ಕಾಗದಗಳಲ್ಲಿ ‘ಶ್ರವಣದೋಷವುಳ್ಳವರು’ ಎಂದಿರುತ್ತದೆ. ಆದರೆ ಸನ್ನೆ ಭಾಷೆಯನ್ನು ತಮ್ಮದೆನ್ನುವವರು ತಮ್ಮನ್ನು ದೋಷವೆಂದು ಎಣಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಜೇಮ್ಸ್ ವುಡ್‌ವರ್ಡ್ ಎಂಬ ಭಾಷಾವಿಜ್ಞಾನಿ 1972ರಲ್ಲಿ ಒಂದು ದಾರಿ ತೋರಿಸಿದರು: ಕಿವಿ ಕೇಳದಿರುವುದನ್ನು ಹೇಳುವಾಗ ಸಣ್ಣ ‘ಡಿ’, ಭಾಷೆ ಸಂಸ್ಕೃತಿಗಳುಳ್ಳ ಸಮುದಾಯವನ್ನು ಹೇಳುವಾಗ ದೊಡ್ಡ ‘ಡಿ’. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ನಮಗಿರುವುದು ಬಹುವಚನ. ‘ಕಿವುಡರು’ ಅನ್ನೋಣ, ‘ಅವರು’ ಅನ್ನೋಣ. ‘ಮೂಗ’ ಪದವನ್ನಂತೂ ಬಿಟ್ಟೇಬಿಡೋಣ, ಮಾತಿರುವವರನ್ನು ಮಾತಿಲ್ಲದವರೆಂದು ಕರೆಯುವುದು ಸುಳ್ಳು.

ಅದೇ ವುಡ್‌ವರ್ಡ್ 1970ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನ ಸನ್ನೆಗಳ ಮೇಲೂ ಕೆಲಸ ಮಾಡಿದ್ದರು ಎಂದು ತಿಳಿದಾಗ ನನಗೆ ಸಂಕಟವಾಯಿತು. ಹಿಮಾಚಲದ ಹಳ್ಳಿಯಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿನಲ್ಲಿ ಕಿವಿ ಕೇಳದಾಗಿ, ಗ್ಯಾಲುಡೆಟ್‌ನಲ್ಲಿ ಓದಿದ ಮದನ್ ವಸಿಷ್ಠ ಅವರ ಜೊತೆಗೂಡಿ ದೆಹಲಿ, ಕಲ್ಕತ್ತಾ, ಬೊಂಬಾಯಿ, ಬೆಂಗಳೂರುಗಳಲ್ಲಿ ಸನ್ನೆಗಳನ್ನು ಸಂಗ್ರಹಿಸಿ, ಇದು ನಮ್ಮ ನೆಲದ್ದೇ ಆದ ಸ್ವತಂತ್ರ ಭಾಷೆ ಎಂದು ತೋರಿಸಿದ್ದರು. ನಾನು ಕೆಲಸಕ್ಕೆ ಸೇರುವ ಮೊದಲೇ ಅದು ಆಗಿತ್ತು. ನಮ್ಮ ಶಾಲೆಯವರೆಗೆ ಬಂದಿರಲಿಲ್ಲ.

ಹಾಗಾಗಿ ಒಂದು ಎಚ್ಚರಿಕೆ. ಇಲ್ಲಿ ಕಲಿತ ಅಮೆರಿಕನ್ ಸನ್ನೆಯನ್ನು ಊರಿಗೆ ಹೊತ್ತುಕೊಂಡು ಹೋಗಿ ಅಲ್ಲಿನವರಿಗೆ ಕಲಿಸಲು ನಿಲ್ಲಬೇಡಿ. ಅದು ಅವರ ಭಾಷೆಯಲ್ಲ. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮಲ್ಲಿ ರೂಢಿಯಲ್ಲಿರುವುದು ಎರಡು ಕೈಯ ಪದ್ಧತಿ. ನಮ್ಮಲ್ಲಿ ‘ಹೆಂಗಸು’ ಅನ್ನಲು ಮೂಗುಬೊಟ್ಟಿನ ಜಾಗ ಮುಟ್ಟುತ್ತಾರೆ, ‘ಗಂಡಸು’ ಅನ್ನಲು ಮೀಸೆ. ಕ್ರಿಯೆ ಕನ್ನಡದ ಹಾಗೆ ಕೊನೆಗೆ ಬರುತ್ತದೆ, ‘ಏನು, ಎಲ್ಲಿ’ ಎಂಬ ಪ್ರಶ್ನೆ ಅದಕ್ಕೂ ಆಮೇಲೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆ ಸಂಶೋಧನಾ ಕೇಂದ್ರವಾಯಿತು. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ಅದರ ವಿಡಿಯೊಗಳನ್ನು ಇಲ್ಲಿಂದಲೇ ನೋಡಬಹುದು.

ಪಾಠದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಥೆ ಬಂದೇ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸುಮಾರು 155 ಜನರಿಗೆ ಒಬ್ಬರು ಹುಟ್ಟು ಕಿವುಡರು, ಕಿವಿ ಕೇಳುವ ನೆರೆಹೊರೆಯವರಿಗೂ ಸನ್ನೆ ಬರುತ್ತಿತ್ತು. ಆ ಭಾಷೆ ಈಗ ಉಳಿದಿಲ್ಲ. ಅದನ್ನು ಓದುವಾಗ ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೆನೆಸಿಕೊಳ್ಳಿ. ನೂರಕ್ಕೂ ಹೆಚ್ಚು ಕಿವುಡರಿರುವ ಊರು, ಅಲ್ಲಿಯೇ ಹುಟ್ಟಿ ಬೆಳೆದ ಒಂದು ಸನ್ನೆ ಭಾಷೆ, ಅದರಲ್ಲಿ ಮಾತಾಡುವ ಕಿವಿ ಕೇಳುವ ನೆಂಟರು, ನೆರೆಯವರು. ಸ್ವತಃ ಕಿವುಡರಾದ ಶಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ನಿಮ್ಮ ಪ್ರೊಫೆಸರಿಗೆ ಹೇಳಿ. ಕೋರ್ಸಿನ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಆಗಸ್ಟಿನಲ್ಲಿ ಕೋರ್ಸು ಮುಗಿಸಿ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಹಾಸನದ ನನ್ನ ಹುಡುಗಿ ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೊಲಿಗೆ ಬದಿಗಿಟ್ಟು, ಕಿವುಡ ಮಕ್ಕಳ ತಾಯಂದಿರಿಗೆ ಸನ್ನೆ ಹೇಳಿಕೊಡುತ್ತಾಳೆ. ನಾನೂ ವಾರಕ್ಕೆರಡು ಸಲ ಫೋನಿನಲ್ಲಿ ಅವಳ ಹತ್ತಿರವೇ ಕಲಿಯುತ್ತೇನೆ. ನಿಮ್ಮಲ್ಲಿ ಯಾರು ಬಂದರೂ ಕಲಿಸುತ್ತೇನೆ ಎಂದಿದ್ದಾಳೆ, ದುಡ್ಡು ಬೇಡವಂತೆ. ಬಾಯಿಮಾತು ಮಾತ್ರ ಹೊರಗೆ ಬಿಟ್ಟು ಬರಬೇಕು. ಬರುವುದಾದರೆ ನನಗೆ ತಿಳಿಸಿ, ವಿಳಾಸ ಕಳಿಸುತ್ತೇನೆ. ಅವಳು ಬಾಗಿಲಿಗೆ ಬೆನ್ನು ಮಾಡಿ ಮಿಷನ್ ತುಳಿಯುತ್ತಿರುತ್ತಾಳೆ. ಬಾಗಿಲ ಪಕ್ಕ, ಬಲಗಡೆ ಗೋಡೆಯಲ್ಲಿ ಸ್ವಿಚ್ ಇದೆ. ಎರಡು ಸಲ ಆಡಿಸಿ, ತಿರುಗಿ ನೋಡುತ್ತಾಳೆ.

ನಿಮ್ಮ,
ಒಬ್ಬ ಹಳೆಯ ಟೀಚರ್